ಪ್ರೋಟೀನ್ ಸ್ಕಿಮ್ಮರ್ ಆರಿಸುವುದು ಹೇಗೆ? ಡಬ್ಬದ ಮೇಲಿನ ಲೀಟರ್ ಲೆಕ್ಕ ಪಕ್ಕಕ್ಕಿಟ್ಟು ನೋಡೋಣ

ಮನೆಯಲ್ಲಿ ಹವಳದ ಅಕ್ವೇರಿಯಂ ಮಾಡಬೇಕು ಅಂತ ಹೊರಟವರಿಗೆ ಗಾಜಿನ ತೊಟ್ಟಿ, ಲೈಟು, ಸಮುದ್ರದ ಉಪ್ಪು ಇಷ್ಟೆಲ್ಲಾ ಆದಮೇಲೆ ಎದುರಾಗುವ ದೊಡ್ಡ ಖರ್ಚು ಪ್ರೋಟೀನ್ ಸ್ಕಿಮ್ಮರ್. ಅಂಗಡಿಯಲ್ಲಿ ಕೇಳೋದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಟ್ಯಾಂಕ್ ಎಷ್ಟು ಲೀಟರ್ ಸಾರ್?" ನೀವು 200 ಅಂದ್ರೆ, "ಹಾಗಾದ್ರೆ 400 ಲೀಟರಿಂದು ತಗೊಳ್ಳಿ, ಸೇಫ್" ಅನ್ನೋ ಉತ್ತರ ಬರುತ್ತೆ.

ಈ 400 ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಎಲ್ಲ ಕಂಪನಿಗಳೂ ಒಪ್ಪಿಕೊಂಡು ಬಳಸುವ ಪರೀಕ್ಷೆ ಯಾವುದೂ ಇದರ ಹಿಂದೆ ಇಲ್ಲ. ಹಾಗಾಗಿ ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಈ ಯಂತ್ರ ಏನು ಮಾಡುತ್ತೆ, ಅದನ್ನು ಕೊಳ್ಳುವಾಗ ಯಾವ ಅಳತೆಗಳನ್ನು ನೋಡಬೇಕು ಅನ್ನೋದನ್ನ ತಿಳಿಯೋಣ. ಮೊದಲ ವರ್ಷದ ಭೌತಶಾಸ್ತ್ರ, ರಸಾಯನಶಾಸ್ತ್ರ ಇಷ್ಟು ಗೊತ್ತಿದ್ರೆ ಸಾಕು.

ಬೇಳೆ ನೊರೆಯ ತತ್ವ

ತೊಗರಿಬೇಳೆ ಬೇಯುವಾಗ ಮೇಲೆ ನೊರೆ ಬರುತ್ತೆ, ಅಮ್ಮ ಅದನ್ನು ಸೌಟಿನಲ್ಲಿ ತೆಗೆದು ಚೆಲ್ತಾರೆ. ಸ್ಕಿಮ್ಮರ್ ಮಾಡುವುದೂ ಇದೇ ಕೆಲಸ.

ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಹವಳದ ಲೋಳೆ ಇವುಗಳಿಂದ ನೀರಿಗೆ ಸಾವಯವ ಅಣುಗಳು ಸೇರುತ್ತವೆ. ಇವುಗಳಲ್ಲಿ ಹಲವು ಅಣುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಆಗಿಬರುವುದಿಲ್ಲ. ಇಂಥ ಅಣುವಿಗೆ ಗಾಳಿಗುಳ್ಳೆ ಸಿಕ್ಕರೆ ಅದರ ಮೈಗೆ ಅಂಟಿಕೊಳ್ಳುತ್ತದೆ. ಗುಳ್ಳೆಗಳು ಮೇಲೇರಿ, ಕಿರಿದಾದ ಕುತ್ತಿಗೆಯಲ್ಲಿ ಒತ್ತಾಗಿ ಸೇರಿ ನೊರೆಯಾಗುತ್ತವೆ. ನಡುವಿನ ನೀರು ಕೆಳಗೆ ಸೋರಿಹೋಗುತ್ತದೆ, ಕೊಳೆ ಹೊತ್ತ ನೊರೆ ಮೇಲಿನ ಕಪ್ಪಿಗೆ ಬೀಳುತ್ತದೆ. ದ್ವಿತೀಯ ಪಿಯುಸಿಯಲ್ಲಿ ಅದಿರು ಬೇರ್ಪಡಿಸುವ ಫ್ರಾತ್ ಫ್ಲೋಟೇಶನ್ ಓದಿದವರಿಗೆ ಇದು ಅದರ ತಮ್ಮ ಅಂತ ಅನ್ನಿಸಿದರೆ ತಪ್ಪಿಲ್ಲ.

ಸಿಹಿನೀರಿನ ಮೀನುತೊಟ್ಟಿಗೆ ಇದನ್ನು ಯಾಕೆ ಹಾಕೋದಿಲ್ಲ? ಸಿಹಿನೀರಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಕಿದ ಕೂಡಲೇ ಕೂಡಿ ದೊಡ್ಡದಾಗುತ್ತವೆ. ಉಪ್ಪಿನ ಸಾಂದ್ರತೆ ಲೀಟರಿಗೆ ಸುಮಾರು 0.1 ಮೋಲ್ ದಾಟಿದರೆ ಈ ಕೂಡಿಕೆ ಬಹಳ ಕಡಿಮೆಯಾಗುತ್ತದೆ. ಸಮುದ್ರದ ನೀರು ಈ ಮಿತಿಗಿಂತ ಎಷ್ಟೋ ಮೇಲಿದೆ. ಮಲ್ಪೆ, ಕಾರವಾರದ ದಡದಲ್ಲಿ ಕಾಣುವಷ್ಟು ನೊರೆ ಕೆರೆಯ ಅಲೆಯಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಒಂದು ಗಂಟೆಯಲ್ಲಿ 35 ಗುಂಟೆ

ಅಣುಗಳು ಅಂಟುವುದು ಗುಳ್ಳೆಯ ಮೇಲ್ಮೈಗೆ. ಹಾಗಾಗಿ ಮುಖ್ಯವಾಗುವುದು ಎಷ್ಟು ಗಾಳಿ ಅನ್ನುವುದರ ಜೊತೆಗೆ ಎಷ್ಟು ಸಣ್ಣ ಗುಳ್ಳೆ ಅನ್ನುವುದು. ಗೋಳದ ಮೇಲ್ಮೈಯನ್ನು ಘನಗಾತ್ರದಿಂದ ಭಾಗಿಸಿದರೆ ಬರುವುದು 6 ÷ ವ್ಯಾಸ.

ಗಂಟೆಗೆ 300 ಲೀಟರ್ ಗಾಳಿ ಎಳೆಯುವ ಸ್ಕಿಮ್ಮರ್ ಒಂದಿದೆ ಅಂದುಕೊಳ್ಳಿ. ಗುಳ್ಳೆಗಳ ವ್ಯಾಸ 3 ಮಿ.ಮೀ. ಇದ್ದರೆ ಗಂಟೆಗೆ 600 ಚದರ ಮೀಟರ್ ಮೇಲ್ಮೈ ಸಿಗುತ್ತದೆ, ಅಂದ್ರೆ ಸುಮಾರು 6 ಗುಂಟೆ. ಅದೇ ಗಾಳಿಯನ್ನು 0.5 ಮಿ.ಮೀ. ಗುಳ್ಳೆಗಳಾಗಿ ಒಡೆದರೆ 3,600 ಚದರ ಮೀಟರ್, ಸುಮಾರು 35 ಗುಂಟೆ. ಎಕರೆಗೆ ಸ್ವಲ್ಪವೇ ಕಡಿಮೆ!

ಇನ್ನೊಂದು ಲಾಭವೂ ಇದೆ. 3 ಮಿ.ಮೀ. ಗುಳ್ಳೆ ಸೆಕೆಂಡಿಗೆ ಸುಮಾರು 20 ಸೆಂ.ಮೀ. ವೇಗದಲ್ಲಿ ಏರಿದರೆ, 0.5 ಮಿ.ಮೀ. ಗುಳ್ಳೆ ಸುಮಾರು 5 ಸೆಂ.ಮೀ. ವೇಗದಲ್ಲಿ ಮೆಲ್ಲಗೆ ಏರುತ್ತದೆ. ನೀರಿನ ಜೊತೆ ಸಂಪರ್ಕದ ಸಮಯ ನಾಲ್ಕು ಪಟ್ಟು.

ಗುಳ್ಳೆ ಒಡೆಯುವ ವಿಧಾನದಿಂದಲೇ ಸ್ಕಿಮ್ಮರ್‌ಗಳ ವಿಧಗಳು ಹುಟ್ಟಿವೆ. ಏರ್ ಸ್ಟೋನ್ ವಿಧದಲ್ಲಿ ಮರದ ತುಂಡಿನ ರಂಧ್ರಗಳಿಂದ ಗಾಳಿ ಬರುತ್ತದೆ; ಅಗ್ಗ, ಆದರೆ ಆ ತುಂಡನ್ನು ಆಗಾಗ ಬದಲಿಸಬೇಕು. ವೆಂಚುರಿ ವಿಧದಲ್ಲಿ ಬರ್ನೌಲಿ ತತ್ವದಿಂದ ಗಾಳಿ ಎಳೆಯಲಾಗುತ್ತದೆ. ಡೌನ್‌ಡ್ರಾಫ್ಟ್‌ಗೆ ಜೋರಾದ ಪಂಪು ಬೇಕು, ಕರೆಂಟ್ ಜಾಸ್ತಿ ತಿನ್ನುತ್ತೆ. ಇವತ್ತು ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ನೀಡಲ್ ವೀಲ್: ಪಂಪಿನ ಇಂಪೆಲ್ಲರ್‌ನಲ್ಲಿ ರೆಕ್ಕೆಗಳ ಬದಲು ಸೂಜಿಯಂಥ ಕಡ್ಡಿಗಳಿದ್ದು, ಅವು ಗಾಳಿಯನ್ನು ಕತ್ತರಿಸಿ ಪುಡಿ ಮಾಡುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಗುಳ್ಳೆ ಸಿಗೋದ್ರಿಂದ ಮನೆಯ ಟ್ಯಾಂಕಿಗೆ ಇದೇ ಅನುಕೂಲ.

ಏನು ತೆಗೆಯುತ್ತೆ, ಏನು ತೆಗೆಯಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಕೆನ್ ಫೆಲ್ಡ್‌ಮನ್ ಮತ್ತು ಅವರ ವಿದ್ಯಾರ್ಥಿಗಳು ಬೇರೆ ಬೇರೆ ವಿಧದ ಸ್ಕಿಮ್ಮರ್‌ಗಳನ್ನು ಅಳೆದು ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಕ್ವೇರಿಯಂ ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಸ್ಕಿಮ್ಮರ್‌ಗಳು ತೆಗೆದದ್ದು ಸುಮಾರು 20ರಿಂದ 30 ಶೇಕಡಾ ಮಾತ್ರ. ಉಳಿದ ಅಣುಗಳು ಗುಳ್ಳೆಗೆ ಅಂಟುವ ಜಾತಿಯವೇ ಅಲ್ಲ. ವಿಧ ವಿಧದ ಸ್ಕಿಮ್ಮರ್‌ಗಳ ನಡುವಿನ ವ್ಯತ್ಯಾಸವೂ ಜಾಹೀರಾತು ಹೇಳುವಷ್ಟು ದೊಡ್ಡದಿರಲಿಲ್ಲ.

ಇದನ್ನು ಎಲೆಕ್ಟ್ರಾನಿಕ್ಸ್‌ನವರು ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಗ್ರಾಫ್ ಆಗಿ ಊಹಿಸಿಕೊಳ್ಳಬಹುದು. ಸಾಂದ್ರತೆ ಮೊದಲು ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಒಂದು ತಳಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ಆ ತಳಮಟ್ಟ ಸೊನ್ನೆ ಅಲ್ಲ. ದೊಡ್ಡ ಸ್ಕಿಮ್ಮರ್ ಹಾಕಿದರೆ ಟೈಮ್ ಕಾನ್‌ಸ್ಟಂಟ್ ಚಿಕ್ಕದಾಗುತ್ತದೆ, ತಳಮಟ್ಟ ಅಲ್ಲೇ ಇರುತ್ತದೆ.

ಹಾಗಾದ್ರೆ ವೇಗದಿಂದ ಪ್ರಯೋಜನ ಇಲ್ವಾ? ಇದೆ. ನಾವು ದಿನಾ ಆಹಾರ ಹಾಕುತ್ತಲೇ ಇರುತ್ತೇವಲ್ಲ, ಕೊಳೆ ಸೇರುವ ವೇಗಕ್ಕೆ ತಕ್ಕಂತೆ ತೆಗೆಯುವ ವೇಗ ಇರಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸ್ಕಿಮ್ಮರ್ ಮೇಲಿನ ಹೊರೆ ನಿರ್ಧಾರವಾಗುವುದು ಮುಖ್ಯವಾಗಿ ನೀವು ದಿನಕ್ಕೆ ಹಾಕುವ ಆಹಾರದ ಗ್ರಾಮಿನಿಂದ, ತೊಟ್ಟಿಯ ಲೀಟರಿನಿಂದ ಅಲ್ಲ. 200 ಲೀಟರಿನಲ್ಲಿ ಎರಡು ಕ್ಲೌನ್ ಮೀನು ಇರುವ ಟ್ಯಾಂಕಿಗೂ, ಅಷ್ಟೇ ನೀರಿನಲ್ಲಿ ಹತ್ತು ಹೊಟ್ಟೆಬಾಕ ಮೀನು ಇರುವ ಟ್ಯಾಂಕಿಗೂ ಒಂದೇ ಸ್ಕಿಮ್ಮರ್ ಹೊಂದುವುದಿಲ್ಲ.

ಇನ್ನೊಂದು ವಿಷಯ. ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟ್ ಅಯಾನುಗಳನ್ನು ಸ್ಕಿಮ್ಮರ್ ಎಳೆಯುವುದಿಲ್ಲ. ಅವು ಹುಟ್ಟುವ ಮೊದಲೇ, ಕೊಳೆ ಸಾವಯವ ರೂಪದಲ್ಲಿರುವಾಗ ಒಂದು ಪಾಲನ್ನು ತೆಗೆದುಹಾಕುತ್ತದೆ ಅಷ್ಟೆ. ಹಾಗಾಗಿ ಸ್ಕಿಮ್ಮರ್ ಇದೆ ಅಂತ ನೀರು ಬದಲಿಸುವುದನ್ನು ಬಿಡುವ ಹಾಗಿಲ್ಲ. ತದ್ವಿರುದ್ಧವಾಗಿ, ಐವತ್ತು ಲೀಟರಿನ ಪುಟ್ಟ ಟ್ಯಾಂಕಾದರೆ ವಾರಕ್ಕೆ 10–20 ಶೇಕಡಾ ನೀರು ಬದಲಿಸಿಕೊಂಡು ಸ್ಕಿಮ್ಮರ್ ಇಲ್ಲದೆಯೂ ನಡೆಸಬಹುದು. ದುಡ್ಡು ಉಳಿಯುತ್ತೆ.

ಕುತ್ತಿಗೆಯ ವ್ಯಾಸ ನೋಡಿ

ಜನ ಸ್ಕಿಮ್ಮರ್‌ನ ಎತ್ತರ ನೋಡ್ತಾರೆ, ಹೊಳಪು ನೋಡ್ತಾರೆ. ನೋಡಬೇಕಾದ್ದು ಕುತ್ತಿಗೆ. ಗಾಳಿಯ ಹರಿವನ್ನು ಕುತ್ತಿಗೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ. ಅದೇ ಗಂಟೆಗೆ 300 ಲೀಟರ್ ಗಾಳಿಗೆ:

• ಕುತ್ತಿಗೆ 60 ಮಿ.ಮೀ. ಆದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 2.9 ಸೆಂ.ಮೀ.
• 100 ಮಿ.ಮೀ. ಆದರೆ ಸುಮಾರು 1.1 ಸೆಂ.ಮೀ.
• 150 ಮಿ.ಮೀ. ಆದರೆ ಸುಮಾರು 0.5 ಸೆಂ.ಮೀ.

ಮೊದಲನೆಯದರಲ್ಲಿ ನೊರೆಯಿಂದ ನೀರು ಸೋರಲು ಸಮಯವೇ ಸಿಗುವುದಿಲ್ಲ. ಕಪ್ಪಿನಲ್ಲಿ ತೆಳು ಟೀ ಬಣ್ಣದ ನೀರು ತುಂಬುತ್ತದೆ. ಮೂರನೆಯದರಲ್ಲಿ ನೊರೆ ಅರ್ಧ ದಾರಿಯಲ್ಲೇ ಒಡೆದು ಕುಸಿಯುತ್ತದೆ, ಕಪ್ಪು ಖಾಲಿ. ಹೊರೆ ಕಡಿಮೆ ಇದ್ದಷ್ಟೂ ನೊರೆ ಬಡಕಲು, ಅಗಲ ಕುತ್ತಿಗೆಯಲ್ಲಿ ಅದು ನಿಲ್ಲುವುದೇ ಇಲ್ಲ. "ದೊಡ್ಡದು ತಗೊಂಡ್ರೆ ಸೇಫ್" ಅನ್ನೋ ಮಾತು ಸೋಲುವುದು ಇಲ್ಲೇ. ಹೋಲಿಕೆಗೆ ಹೇಳುವುದಾದರೆ, ಗಣಿ ಉದ್ಯಮದ ಫ್ಲೋಟೇಶನ್ ಕಾಲಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 1–2 ಸೆಂ.ಮೀ. ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ.

ಡಬ್ಬದ ಮೇಲೆ ಗಾಳಿಯ ಹರಿವು ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಪಂಪಿನ ನೀರಿನ ಹರಿವನ್ನು ತೋರಿಸಿ "ಇದೇ ಸಾರ್" ಅಂದರೆ ಒಪ್ಪಬೇಡಿ, ಅವೆರಡೂ ಬೇರೆ ಬೇರೆ.

ಪಂಪು ಮತ್ತು ನಮ್ಮ 50 ಹರ್ಟ್ಸ್

ವಿದೇಶದಿಂದ ನೆಂಟರ ಕೈಲಿ ತರಿಸುವವರು ಇದನ್ನು ಗಮನಿಸಲೇಬೇಕು. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಎಸಿ ಸ್ಕಿಮ್ಮರ್ ಪಂಪುಗಳು ಹೆಚ್ಚಾಗಿ ಸಿಂಕ್ರೊನಸ್ ಮೋಟಾರ್‌ಗಳು. ಎರಡು ಪೋಲ್ ಮೋಟಾರು ಅಲ್ಲಿ ನಿಮಿಷಕ್ಕೆ 3,600 ಸುತ್ತು ತಿರುಗಿದರೆ ಇಲ್ಲಿ 3,000. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಫ್ರೀಕ್ವೆನ್ಸಿ ಬದಲಿಸಲ್ಲ. ಪಂಪಿನ ಅಫಿನಿಟಿ ನಿಯಮದ ಪ್ರಕಾರ ಹರಿವು ವೇಗಕ್ಕೆ, ಹೆಡ್ ವೇಗದ ವರ್ಗಕ್ಕೆ ಅನುಪಾತ. ಹೆಡ್ ಸುಮಾರು 69 ಶೇಕಡಾಗೆ ಇಳಿಯುತ್ತದೆ. ಜೊತೆಗೆ ಕಾಯಿಲಿನ ರಿಯಾಕ್ಟೆನ್ಸ್ ಕಡಿಮೆಯಾಗಿ ಕರೆಂಟ್ ಏರುತ್ತದೆ, ಪಂಪು ಬಿಸಿಯಾಗುತ್ತದೆ. ಆದ್ದರಿಂದ 230 ವೋಲ್ಟ್, 50 ಹರ್ಟ್ಸ್ ಅಂತ ಬರೆದಿರುವುದನ್ನೇ ಕೊಳ್ಳಿ.

24 ವೋಲ್ಟ್ ಡಿಸಿ ಪಂಪು ಇರುವ ಮಾದರಿಗೆ ಬೆಲೆ ಜಾಸ್ತಿ. ಆದರೆ ವೇಗ ಹೊಂದಿಸಬಹುದು, ಬ್ಯಾಟರಿಯಿಂದಲೂ ಓಡಿಸಬಹುದು. ಹೊರೆ ಎಷ್ಟು ಅಂತ ಇನ್ನೂ ಗೊತ್ತಿಲ್ಲದ ಹೊಸ ಟ್ಯಾಂಕಿಗೆ ಇದು ಒಳ್ಳೆಯ ಗುಣ. ವಿದ್ಯುತ್ ಬಿಲ್ಲಿನ ಭಯ ಬೇಡ: 10 ವ್ಯಾಟ್ ಪಂಪು ದಿನವಿಡೀ ಓಡಿದರೂ ತಿಂಗಳಿಗೆ 7.2 ಯೂನಿಟ್.

ಕೂರಿಸುವ ಜಾಗ, ಕರೆಂಟ್ ಕಟ್

ಒಳ್ಳೆಯ ಸ್ಕಿಮ್ಮರನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಅದು ಕೆಟ್ಟ ಸ್ಕಿಮ್ಮರ್ರೇ. ಹೆಚ್ಚಿನವು ಸಂಪಿನೊಳಗೆ ನಿಲ್ಲುತ್ತವೆ. ಸಂಪ್ ಅಂದ್ರೆ ಮನೆ ಮುಂದಿನ ನೆಲದಡಿಯ ಟ್ಯಾಂಕ್ ಅಲ್ಲ, ಅಕ್ವೇರಿಯಂ ಕೆಳಗಿನ ಕಪಾಟಿನಲ್ಲಿಡುವ ಎರಡನೇ ತೊಟ್ಟಿ. ಪ್ರತಿ ಸ್ಕಿಮ್ಮರಿಗೂ ಇಂತಿಷ್ಟೇ ಆಳದ ನೀರು ಬೇಕು, ಕೈಪಿಡಿಯಲ್ಲಿ ಬರೆದಿರುತ್ತದೆ. ನೀರು ಆವಿಯಾಗಿ ಮಟ್ಟ ಒಂದೆರಡು ಸೆಂ.ಮೀ. ಬದಲಾದರೂ ನೊರೆಯ ಎತ್ತರ ಬದಲಾಗುತ್ತದೆ. ಆದ್ದರಿಂದ ಗಾಜಿನ ತಡೆಯಿಂದ ಮಟ್ಟ ಸ್ಥಿರವಾಗಿರುವ ಭಾಗದಲ್ಲೇ ಇಡಿ. ಕಪ್ಪನ್ನು ಮೇಲಕ್ಕೆತ್ತಿ ತೆಗೆಯಲು ಕಪಾಟಿನಲ್ಲಿ ಜಾಗ ಇದೆಯಾ ಅಂತಲೂ ಟೇಪು ಹಿಡಿದು ನೋಡಿ.

ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ಒಂದಷ್ಟು ನೀರು ಸಂಪಿಗೆ ಇಳಿಯುತ್ತದೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಆ ಹೆಚ್ಚಿದ ಮಟ್ಟದಲ್ಲೇ ಶುರುವಾಗಿ ಕಪ್ಪು ಉಕ್ಕಿ ಹರಿಯಬಹುದು. ಕೆಲವು ನಿಮಿಷ ತಡವಾಗಿ ಆನ್ ಆಗುವ ಟೈಮರ್ ಹಾಕಿದರೆ ಈ ತೊಂದರೆ ತಪ್ಪುತ್ತದೆ. ನಿಮ್ಮ ಬ್ರಾಂಚಿನವರಿಗೆ ಇದೊಂದು ಸಂಜೆಯ ಪ್ರಾಜೆಕ್ಟ್. ಉಪ್ಪುನೀರಿನ ಪಕ್ಕದ ಪ್ಲಗ್‌ಗಳಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಮಾತ್ರ ಮರೆಯಬೇಡಿ.

ಸ್ಕಿಮ್ಮರ್ ನೀರಿಗೆ ಗಾಳಿಯನ್ನೂ ಬೆರೆಸುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ನಾಲ್ಕು ಜನ ಮಲಗಿದ್ದರೆ ಕೋಣೆಯ ಇಂಗಾಲದ ಡೈಆಕ್ಸೈಡ್ ಏರಿ, ಅದೇ ಗಾಳಿ ನೀರಿಗೆ ಸೇರಿ ಪಿಎಚ್ ಇಳಿಯುತ್ತದೆ. ಗಾಳಿಯ ಪೈಪನ್ನು ಕಿಟಕಿಯಾಚೆ ಹಾಯಿಸಿದರೆ ಸಾಕು.

ಒಂದು ಉದಾಹರಣೆ

90 × 45 × 45 ಸೆಂ.ಮೀ. ಟ್ಯಾಂಕ್: 182 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 150. ಸಂಪಿನಲ್ಲಿ 50. ಒಟ್ಟು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್, ಎರಡು ಮೂರು ಸಣ್ಣ ಮೀನು, ಮೆದು ಹವಳಗಳು. ಅಂದ್ರೆ ಹಗುರ ಹೊರೆ. ಇದಕ್ಕೆ ಗಂಟೆಗೆ 200–300 ಲೀಟರ್ ಗಾಳಿ, 80–100 ಮಿ.ಮೀ. ಕುತ್ತಿಗೆಯ ನೀಡಲ್ ವೀಲ್ ನಾನು ಆರಿಸುತ್ತೇನೆ. ಮುಂದೆ ಮೀನು ಹೆಚ್ಚಿಸುವ ಆಸೆ ಇದ್ದರೆ ಅದೇ ಗಾತ್ರದ ಡಿಸಿ ಮಾದರಿ. ಬ್ರ್ಯಾಂಡ್ ಯಾವುದು ಅಂತ ಕೇಳುವವರಿಗೆ: ಇಂಪೆಲ್ಲರ್, ಓ-ರಿಂಗ್, ಕಪ್ಪು ಇವು ಬಿಡಿಭಾಗವಾಗಿ ಭಾರತದಲ್ಲಿ ಸಿಗುವ ಯಾವುದಾದರೂ ಸರಿ. ಇಂಪೆಲ್ಲರ್ ಮುರಿದು ಬಿಡಿಭಾಗಕ್ಕೆ ತಿಂಗಳು ಕಾಯುವಾಗ ಹೆಸರು ಉಪಯೋಗಕ್ಕೆ ಬರೋದಿಲ್ಲ.

ತಂದ ಮೇಲೆ ಮೊದಲ ಒಂದೆರಡು ವಾರ ಅದು ಹುಚ್ಚುಚ್ಚಾಗಿ ಉಕ್ಕುವುದು, ಇಲ್ಲವೇ ಸುಮ್ಮನಿರುವುದು ಸಹಜ. ಹೊಸ ಪ್ಲಾಸ್ಟಿಕ್ಕಿನ ಜಿಡ್ಡು ಹೋಗಬೇಕು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಕುತ್ತಿಗೆಯ ಒಳಗೋಡೆ ಒರೆಸಿ. ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಏರುವುದಿಲ್ಲ.

ಹವಳ ತರುವ ಮುನ್ನ

ಸ್ಕಿಮ್ಮರ್ ಆಯ್ಕೆಗೆ ಇಷ್ಟೊಂದು ಯೋಚನೆ ಯಾಕೆ ಅಂದ್ರೆ, ಕೊನೆಗೆ ಆ ನೀರಿನಲ್ಲಿ ಬದುಕಬೇಕಾದದ್ದು ಜೀವ. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಭಾರತದ ಕಡಲಿನ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಒಂದು ತುಂಡು ಕಿತ್ತು ತರುವುದೂ ಅಪರಾಧ. ಕಾನೂನಿನಂತೆ ಬಂದದ್ದಕ್ಕೆ ಕಾಗದ ಕೇಳಿ, ತೋರಿಸದಿದ್ದರೆ ಕೊಳ್ಳಬೇಡಿ. ಮೊದಲು ಸ್ಕಿಮ್ಮರ್ ಹದಕ್ಕೆ ಬರಲಿ, ನೀರು ಕೆಲವು ವಾರ ಸ್ಥಿರವಾಗಿರಲಿ, ಜೀವ ಆಮೇಲೆ ಬರಲಿ.

ಕೊನೆಗೆ ನಿಮಗೊಂದು ಲೆಕ್ಕ: ಗಂಟೆಗೆ 480 ಲೀಟರ್ ಗಾಳಿ, 110 ಮಿ.ಮೀ. ಕುತ್ತಿಗೆ, 0.8 ಮಿ.ಮೀ. ಗುಳ್ಳೆ. ಕುತ್ತಿಗೆಯಲ್ಲಿ ಗಾಳಿಯ ವೇಗ ಎಷ್ಟು? ಗಂಟೆಗೆ ಎಷ್ಟು ಗುಂಟೆ ಮೇಲ್ಮೈ? ಉತ್ತರ ಸಿಕ್ಕ ಮೇಲೆ ಯಾವುದಾದರೂ ಸ್ಕಿಮ್ಮರ್‌ನ ಡಬ್ಬ ತಿರುಗಿಸಿ ಇದೇ ಲೆಕ್ಕ ಮಾಡಿ ನೋಡಿ. ಎಷ್ಟು ಡಬ್ಬಗಳ ಮೇಲೆ ಈ ಲೆಕ್ಕಕ್ಕೆ ಬೇಕಾದ ಅಂಕಿಗಳಿವೆ ಅನ್ನೋದನ್ನೂ ಎಣಿಸಿ.