ಪುಟ್ಟ ಕ್ವಾಡ್‌ಕಾಪ್ಟರಿನ ದೋಷಪರೀಕ್ಷೆ

ಯಂತ್ರವೊಂದು ಕೆಟ್ಟಿತೆಂದರೆ, ಅದರಲ್ಲಿ ನಮಗೆ ಅರ್ಥವಾಗದ ಭಾಗ ಯಾವುದೋ ಅದೇ ಕೆಟ್ಟಿರಬೇಕೆಂದು ಭಾವಿಸುವುದು ಮನುಷ್ಯಸ್ವಭಾವ. ಈ ಮಾತು ನನ್ನ ಅನುಭವಕ್ಕೆ ಬಂದುದು ಕಳೆದ ವರ್ಷ. ಗೆಳೆಯನೊಬ್ಬನೂ ನಾನೂ ಹಣ ಕೂಡಿಸಿ, ಅಂಗೈಗಿಂತ ತುಸು ದೊಡ್ಡದಾದ ಒಂದು ಕ್ವಾಡ್‌ಕಾಪ್ಟರನ್ನು ಕೊಂಡಿದ್ದೆವು. ಎರಡು ತಿಂಗಳು ಚೆನ್ನಾಗಿ ಹಾರಿದ ಆ ಯಂತ್ರ ಒಂದು ಸಂಜೆ ಆಳೆತ್ತರಕ್ಕೆ ಏರಿ, ದೀಪಗಳನ್ನು ಮಿನುಗಿಸಿ, ಕಲ್ಲಿನಂತೆ ಕೆಳಕ್ಕೆ ಬಿದ್ದಿತು. ಬ್ಯಾಟರಿಯನ್ನು ಮೀಟರಿನಿಂದ ಅಳೆದೆವು, 4.1 ವೋಲ್ಟ್ ತೋರಿಸಿತು. ಹಾಗಾದರೆ ಬ್ಯಾಟರಿ ಸರಿಯಾಗಿದೆ, ಕೆಟ್ಟಿರುವುದು ನಡುವಿನ ಬೋರ್ಡೇ ಎಂದು ತೀರ್ಮಾನಿಸಿ, 900 ರೂಪಾಯಿ ಕೊಟ್ಟು ಹೊಸ ಬೋರ್ಡನ್ನು ತರಿಸಿದೆವು. ಹೊಸ ಬೋರ್ಡಿನೊಡನೆಯೂ ಯಂತ್ರ ಹಾಗೆಯೇ ಬಿದ್ದಿತು.

ನಮ್ಮಂಥವರಿಗೆ 900 ರೂಪಾಯಿ ಸಣ್ಣ ಮೊತ್ತವಲ್ಲ. ರಜೆಯಲ್ಲಿ ಊರಿಗೆ ಹೋದಾಗ ತಂದೆಯವರ ಮುಂದೆ ಅಳುಕುತ್ತಲೇ ಸಂಗತಿಯನ್ನು ಹೇಳಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೆ ಇಪ್ಪತ್ತು ವರ್ಷಗಳಿಂದ ತೋಟದ ಪಂಪ್‌ಸೆಟ್ಟನ್ನು ನೋಡಿಕೊಂಡು ಬಂದವರು. "ಫ್ಯೂಸು ನೋಡದೇನೇ ಬೋರಿಂದ ಮೋಟ್ರು ಎತ್ತಿಸಿದ ಹಾಗಾಯ್ತಲ್ಲಪ್ಪ" ಎಂದರು. ಪಂಪು ನೀರೆತ್ತದಿದ್ದರೆ ಅವರು ಮೊದಲು ಕರೆಂಟು ಬಂದಿದೆಯೇ ಎಂದು ನೋಡುತ್ತಾರೆ. ಅನಂತರ ಫ್ಯೂಸು, ಅನಂತರ ಸ್ಟಾರ್ಟರು, ಆಮೇಲೆ ವೈರು. ಮೋಟಾರನ್ನು ಮೇಲೆತ್ತಿಸುವುದು ಕೊಟ್ಟಕೊನೆಯ ಮಾತು. ಏಕೆಂದರೆ ಅದಕ್ಕೆ ತಗಲುವ ಖರ್ಚು ಹೆಚ್ಚು. ಈ ಕ್ರಮವನ್ನೇ ನಮ್ಮ ಪುಟ್ಟ ಯಂತ್ರಕ್ಕೆ ಹೇಗೆ ಅನ್ವಯಿಸಬಹುದೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯಂತ್ರದ ರಚನೆ

ದೋಷವನ್ನು ಹುಡುಕುವ ಮೊದಲು ಯಂತ್ರ ಹೇಗೆ ಹಾರುತ್ತದೆಂಬುದನ್ನು ಸ್ಥೂಲವಾಗಿಯಾದರೂ ತಿಳಿದಿರಬೇಕು. ಕ್ವಾಡ್‌ಕಾಪ್ಟರಿಗೆ ನಾಲ್ಕು ತೋಳುಗಳು. ತೋಳಿಗೊಂದು ಮೋಟಾರು, ಮೋಟಾರಿಗೊಂದು ಪಂಖ. ಪಂಖವು ಒಂದು ದಿಕ್ಕಿಗೆ ತಿರುಗಿದರೆ ಯಂತ್ರದ ಮೈ ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಲೆಳಸುತ್ತದೆ. ಇದನ್ನು ತಡೆಯಲು ಎದುರುಬದುರು ಮೂಲೆಗಳ ಎರಡು ಪಂಖಗಳು ಪ್ರದಕ್ಷಿಣವಾಗಿಯೂ ಉಳಿದೆರಡು ಅಪ್ರದಕ್ಷಿಣವಾಗಿಯೂ ತಿರುಗುವಂತೆ ಮಾಡಿರುತ್ತಾರೆ. ಪಂಖಗಳು ಸಹ ಎರಡು ಜಾತಿ. ಅವುಗಳ ಮೇಲೆ ಸಾಮಾನ್ಯವಾಗಿ 'ಎ' ಮತ್ತು 'ಬಿ' ಎಂಬ ಗುರುತುಗಳಿರುತ್ತವೆ.

ನಾಲ್ಕು ಪಂಖಗಳ ಯಂತ್ರ ಇತ್ತೀಚಿನ ಕಲ್ಪನೆಯೇನೂ ಅಲ್ಲ. 1907ರಲ್ಲಿಯೇ ಫ್ರಾನ್ಸಿನ ಬ್ರೆಗೆ ಸಹೋದರರು ಇಂಥದೊಂದನ್ನು ನೆಲದಿಂದ ಮೇಲೆತ್ತಿದರು. ಆದರೆ ಅದು ಮಗುಚದಂತೆ ಒಂದೊಂದು ತೋಳಿನ ಬಳಿಯೂ ಒಬ್ಬೊಬ್ಬರು ನಿಂತು ಹಿಡಿದುಕೊಳ್ಳಬೇಕಾಯಿತು. ಅಂದು ಆ ನಾಲ್ವರು ಮಾಡಿದ ಕೆಲಸವನ್ನು ಇಂದು ನಡುವಿನ ಬೋರ್ಡು ಮಾಡುತ್ತದೆ. ಅದರಲ್ಲಿರುವ ಜೈರೋಸ್ಕೋಪು ಯಂತ್ರದ ಓಲಾಟವನ್ನು ಕ್ಷಣಕ್ಷಣವೂ ಗಮನಿಸುತ್ತದೆ. ಬಗ್ಗಿದ ಕಡೆಯ ಮೋಟಾರನ್ನು ಬೋರ್ಡು ಚುರುಕುಗೊಳಿಸುತ್ತದೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಒಂದು ಮೋಟಾರು ದುರ್ಬಲವಾದರೆ ಬೋರ್ಡು ಅದಕ್ಕೆ ಹೆಚ್ಚು ವಿದ್ಯುತ್ತನ್ನು ಕೊಟ್ಟು ಆ ದೌರ್ಬಲ್ಯವನ್ನು ಮರೆಮಾಡುತ್ತದೆ. ಹೆಚ್ಚು ಕೊಡಲು ಏನೂ ಉಳಿಯದಿದ್ದಾಗ ಮಾತ್ರ ದೋಷ ನಮ್ಮ ಕಣ್ಣಿಗೆ ಬೀಳುತ್ತದೆ. ಆದುದರಿಂದ 'ನಿನ್ನೆ ಸರಿಯಾಗಿತ್ತು, ಇಂದು ಕೆಟ್ಟಿತು' ಎಂಬ ಮಾತನ್ನು ಪೂರ್ತಿಯಾಗಿ ನಂಬಬಾರದು.

ವಿದ್ಯುತ್ತಿನ ದೋಷಗಳು

ಪುಟ್ಟ ಕ್ವಾಡ್‌ಕಾಪ್ಟರುಗಳಲ್ಲಿ ಬಹುಮಟ್ಟಿಗೆ ಒಂದೇ ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತದೆ. ಪೂರ್ತಿ ಚಾರ್ಜಾದಾಗ ಅದರ ವೋಲ್ಟೇಜು 4.2, ಅದರ ಮೇಲೆ ಅಚ್ಚು ಹಾಕಿರುವುದು 3.7. ಹಾರಾಟದಲ್ಲಿ ಅದನ್ನು 3.3ಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯದು.

ನಾವು ಮೋಸಹೋದದ್ದು ಎಲ್ಲಿ? ಬ್ಯಾಟರಿ ಸುಮ್ಮನಿದ್ದಾಗ ಅಳೆದದ್ದೇ ನಮ್ಮ ತಪ್ಪು. ಹಳ್ಳಿಗಳಲ್ಲಿ ಎಲ್ಲರೂ ನೋಡಿರುವಂತೆ, ಸಂಜೆ ಒಮ್ಮೆಗೇ ಪಂಪ್‌ಸೆಟ್ಟುಗಳು ಚಾಲೂ ಆದರೆ ಮನೆಯ ಬಲ್ಬು ಮಂಕಾಗುತ್ತದೆ. ಹೊರೆ ಬಿದ್ದಾಗ ವೋಲ್ಟೇಜು ಕುಸಿಯುವುದೇ ಇದಕ್ಕೆ ಕಾರಣ. ನಮ್ಮ ಯಂತ್ರದಲ್ಲಿ ನಡೆದದ್ದೂ ಇದೇ. ಒಂದು ಸರಳ ಲೆಕ್ಕವನ್ನು ನೋಡೋಣ. ಜೋರಾಗಿ ಏರುವಾಗ ಒಂದೊಂದು ಮೋಟಾರೂ 2 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ ನಾಲ್ಕಕ್ಕೆ 8 ಆಂಪಿಯರ್. ಬ್ಯಾಟರಿಯನ್ನು ಸಿಕ್ಕಿಸುವ ಪ್ಲಗ್ಗು ಸಡಿಲವಾಗಿ ಅಥವಾ ಕಪ್ಪುಗಟ್ಟಿ ಅಲ್ಲಿ ಕೇವಲ 0.05 ಓಮ್ ರೋಧವಿದ್ದರೂ 0.4 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಹಳೆಯ ಬ್ಯಾಟರಿಯ ಒಳಗೂ ಅಷ್ಟೇ ರೋಧವಿದ್ದರೆ ಇನ್ನೊಂದು 0.4. ಒಳಗಿನ 3.8 ವೋಲ್ಟು ಬೋರ್ಡನ್ನು ಮುಟ್ಟುವ ವೇಳೆಗೆ 3 ಆಗಿರುತ್ತದೆ. ಆಗ ಬೋರ್ಡು ಎಚ್ಚರ ತಪ್ಪಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ದೀಪ ಮಿನುಗುತ್ತದೆ, ಯಂತ್ರ ಬೀಳುತ್ತದೆ. ನೆಲದ ಮೇಲೆ ಹೊರೆ ಇಲ್ಲದಿರುವುದರಿಂದ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ.

ಹೀಗಿರುವುದರಿಂದ ಮೊದಲು ಮಾಡಬೇಕಾದುದು ಇಷ್ಟು. ಅರ್ಧ ನಿಮಿಷ ಹಾರಿಸಿ, ಇಳಿಸಿ, ಪ್ಲಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ. ಮೇಲಿನ ಲೆಕ್ಕದಂತೆ ಅಲ್ಲಿ 3.2 ವಾಟ್‌ನಷ್ಟು ಶಕ್ತಿ ಶಾಖವಾಗಿ ಹೋಗುತ್ತಿರುತ್ತದೆ. ಆದುದರಿಂದ ಪ್ಲಗ್ಗು ಬಿಸಿಯಾಗಿದ್ದರೆ ದೋಷ ಅಲ್ಲಿಯೇ. ಪ್ಲಗ್ಗು ತಣ್ಣಗಿದ್ದು ಬ್ಯಾಟರಿ ಬಿಸಿಯಾಗಿದ್ದರೆ ಬ್ಯಾಟರಿ ಮುಪ್ಪಾಗಿದೆಯೆಂದು ತಿಳಿಯಬೇಕು. ಗೆಳೆಯರಿಂದ ಅದೇ ಬಗೆಯ ಒಳ್ಳೆಯ ಬ್ಯಾಟರಿಯನ್ನು ಎರವಲು ತಂದು ಹಾಕಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ನಮ್ಮ ಯಂತ್ರದಲ್ಲಿ ಪ್ಲಗ್ಗಿನ ಒಂದು ತುದಿ ಅಗಲಗೊಂಡು ಕಪ್ಪಾಗಿತ್ತು. ಪ್ಲಗ್ಗಿನ ಜೋಡಿಯನ್ನು ಬದಲಾಯಿಸಲು ತಗಲಿದ ವೆಚ್ಚ 30 ರೂಪಾಯಿ.

'ಏರುತ್ತದೆ, ಆದರೆ ಮೊದಲಿನ ಬಲವಿಲ್ಲ' ಎಂಬ ದೂರಿಗೂ ಮೂಲ ಹೆಚ್ಚಾಗಿ ಇದೇ. ಪಂಖದ ಎತ್ತುವ ಬಲ ಅದರ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ನೂರಕ್ಕೆ ಹತ್ತರಷ್ಟು ಕುಗ್ಗಿದರೆ ಬಲ ನೂರಕ್ಕೆ ಹತ್ತೊಂಬತ್ತರಷ್ಟು ಕುಗ್ಗುತ್ತದೆ. ಆದುದರಿಂದ ವೋಲ್ಟೇಜಿನಲ್ಲಿ ಆಗುವ ಸಣ್ಣ ಕೊರತೆಯೂ ಆಕಾಶದಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾರಾಟದ ಅವಧಿಯ ಬಗ್ಗೆಯೂ ಅತಿಯಾಸೆ ಬೇಡ. 600 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸರಾಸರಿ 5 ಆಂಪಿಯರ್ ಎಳೆದರೆ ಅದು ಬರಿದಾಗಲು ಬೇಕಾಗುವುದು ಸುಮಾರು 7 ನಿಮಿಷ. ಐದನೆಯ ಒಂದು ಭಾಗವನ್ನು ಉಳಿಸಿಕೊಳ್ಳಬೇಕಾದರೆ 6 ನಿಮಿಷದೊಳಗೆ ಇಳಿಸಬೇಕು. ಇಂಥ ಯಂತ್ರ ಆರನೆಯ ನಿಮಿಷದಲ್ಲಿ ಇಳಿಯಲೆಳಸಿದರೆ ಅದು ದೋಷವಲ್ಲ.

ಹಾರಾಟದ ದೋಷಗಳು

ವಿದ್ಯುತ್ತು ಸರಿಯಾಗಿದೆಯೆಂದು ಖಚಿತವಾದ ಮೇಲೆ ಹಾರಾಟದ ಕಡೆ ಗಮನ ಕೊಡಬೇಕು. ಗಾಳಿಯಿಲ್ಲದ ಹಜಾರದಲ್ಲಿ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ನಿಲ್ಲಿಸಿ ಪರೀಕ್ಷಿಸಬೇಕು. ನೆಲಕ್ಕೆ ತೀರ ಸಮೀಪದಲ್ಲಿ ಪಂಖದ ಗಾಳಿಯೇ ನೆಲಕ್ಕೆ ಬಡಿದು ಹಿಂದಿರುಗಿ ಯಂತ್ರವನ್ನು ಓಲಾಡಿಸುತ್ತದೆ.

ಯಂತ್ರ ಏಳುವ ಮುನ್ನವೇ ಮಗುಚಿಕೊಂಡರೆ ಪಂಖಗಳು ಅದಲುಬದಲಾಗಿವೆ ಎಂದೇ ತಿಳಿಯಬೇಕು. ತಪ್ಪು ಜಾತಿಯ ಪಂಖ ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತದೆ. ಬಿದ್ದ ಯಂತ್ರಕ್ಕೆ ಅವಸರದಲ್ಲಿ ಪಂಖ ಹಾಕುವಾಗ ಈ ತಪ್ಪು ಬಹು ಸುಲಭವಾಗಿ ನಡೆಯುತ್ತದೆ.

ಯಂತ್ರ ಸದಾ ಒಂದೇ ಕಡೆಗೆ ಜಾರುತ್ತಿದ್ದರೆ ಎರಡು ಕಾರಣಗಳಿರಬಹುದು. ಚಾಲೂ ಮಾಡುವಾಗ ಅದನ್ನು ಓರೆಯಾದ ಜಾಗದಲ್ಲಿ ಇಟ್ಟಿದ್ದರೆ ಬೋರ್ಡು ಆ ಓರೆಯನ್ನೇ ಸಮವೆಂದು ಭಾವಿಸಿರಬಹುದು. ಸಮವಾದ ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಜೊತೆಗೆ ಬಂದ ಹಾಳೆಯಲ್ಲಿ ಹೇಳಿರುವಂತೆ ಮತ್ತೆ ಸಮಸ್ಥಿತಿಯನ್ನು ಕಲಿಸಬೇಕು. ಅನಂತರವೂ ಜಾರಿದರೆ, ಯಾವ ಕಡೆಗೆ ಜಾರುತ್ತದೋ ಆ ಕಡೆಯ ತೋಳು ದುರ್ಬಲ. ಆ ಪಂಖದ ಕೆಳಗೆ ದಾರವೋ ತಲೆಗೂದಲೋ ಸುತ್ತಿಕೊಂಡಿದೆಯೇ, ಪಂಖದ ಅಂಚು ಮುರಿದಿದೆಯೇ ಎಂದು ನೋಡಬೇಕು.

ಯಂತ್ರ ತನ್ನಷ್ಟಕ್ಕೆ ಬುಗುರಿಯಂತೆ ತಿರುಗುತ್ತಿದ್ದರೆ ಎದುರುಬದುರಿನ ಒಂದು ಜೋಡಿ ಇನ್ನೊಂದು ಜೋಡಿಗೆ ಸಮನಾಗಿಲ್ಲ, ಅಥವಾ ಒಂದು ಮೋಟಾರು ತನ್ನ ಗೂಡಿನಲ್ಲಿ ಓರೆಯಾಗಿ ಕುಳಿತಿದೆ ಎಂದರ್ಥ. ಇನ್ನು, ನೇರವಾಗಿ ವೇಗದಿಂದ ಕೆಳಗಿಳಿಸುವಾಗ ಮಾತ್ರ ಓಲಾಡಿದರೆ ಅದು ತಾನೇ ಕೆಳಗೆ ತಳ್ಳಿದ ಗಾಳಿಯೊಳಕ್ಕೆ ಇಳಿಯುತ್ತಿದೆಯೆಂದು ತಿಳಿದು, ತುಸು ಮುಂದಕ್ಕೆ ಚಲಿಸುತ್ತ ನಿಧಾನವಾಗಿ ಇಳಿಸಿದರೆ ಸಾಕು.

ಅದಲುಬದಲಿನ ಕ್ರಮ

ಒಂದು ತೋಳು ದುರ್ಬಲವೆಂದು ಗೊತ್ತಾಯಿತು. ಆದರೆ ತಪ್ಪು ಪಂಖದ್ದೋ, ಮೋಟಾರಿನದೋ, ಬೋರ್ಡಿನದೋ? ಇದನ್ನು ತಿಳಿಯಲು ಹಣ ಬೇಕಿಲ್ಲ. ಆ ಪಂಖವನ್ನು ಎದುರುಮೂಲೆಯ ಪಂಖದೊಡನೆ ಅದಲುಬದಲು ಮಾಡಿ. ಎದುರುಮೂಲೆಯದೇ ಏಕೆಂದರೆ ಅವೆರಡೂ ಒಂದೇ ಜಾತಿಯವು. ದೋಷ ಪಂಖದೊಡನೆ ಎದುರುಮೂಲೆಗೆ ಹೋದರೆ ಪಂಖವನ್ನು ಬದಲಿಸಿ. ಹೋಗದಿದ್ದರೆ ಮೋಟಾರುಗಳನ್ನು ಅದೇ ರೀತಿ ಅದಲುಬದಲು ಮಾಡಿ. ದೋಷ ಮೋಟಾರಿನೊಡನೆ ಹೋದರೆ ಮೋಟಾರು ಸವೆದಿದೆ. ಇಂಥ ಪುಟ್ಟ ಬ್ರಷ್ ಮೋಟಾರುಗಳ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕೇ ಹೊರತು ವರ್ಷಗಳಲ್ಲಿ ಅಲ್ಲ. ಎರಡೂ ಬದಲಾಗಿ ದೋಷ ಇದ್ದಲ್ಲಿಯೇ ಇದ್ದರೆ ಮಾತ್ರ ವೈರಿನ ಬೆಸುಗೆಯನ್ನೂ ಬೋರ್ಡನ್ನೂ ಸಂಶಯಿಸಬೇಕು. ಬ್ಯಾಟರಿ ಸಿಕ್ಕಿಸಿದೊಡನೆ, ನಿಯಂತ್ರಕವನ್ನು ಮುಟ್ಟುವ ಮೊದಲೇ ಒಂದು ಮೋಟಾರು ತಿರುಗತೊಡಗಿದರೆ ಅದು ಬೋರ್ಡಿನ ದೋಷಕ್ಕೆ ಸ್ಪಷ್ಟವಾದ ಲಕ್ಷಣ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮರೆಯಬಾರದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಪ್ರತಿ ಪರೀಕ್ಷೆಯ ಫಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಕೆಲವು ಎಚ್ಚರಿಕೆಗಳು

ಮೇಜಿನ ಮೇಲೆ ಮೋಟಾರನ್ನು ತಿರುಗಿಸಿ ನೋಡುವಾಗ ಪಂಖಗಳನ್ನು ತೆಗೆದಿಡಬೇಕು. ಬೆರಳಿಗೂ ಕಣ್ಣಿಗೂ ಅಪಾಯವಿದೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಅಮುಕಬಾರದು, ಮತ್ತೆ ಚಾರ್ಜು ಮಾಡಲೂಬಾರದು; ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಹಾರಿಸಿದ ಬ್ಯಾಟರಿ ತಣ್ಣಗಾದ ಮೇಲೆಯೇ ಚಾರ್ಜಿಗೆ ಹಾಕಬೇಕು. ಹಾಸಿಗೆ ಪುಸ್ತಕಗಳಿಂದ ದೂರದಲ್ಲಿ, ಮಣ್ಣಿನ ಕುಂಡದೊಳಗಿಟ್ಟು, ನಾವು ಎಚ್ಚರವಿದ್ದಾಗಲೇ ಈ ಕೆಲಸ ಮಾಡಬೇಕು. ಹಾಸ್ಟೆಲುಗಳಲ್ಲಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಭಾರತದ 2021ರ ಡ್ರೋನ್ ನಿಯಮಗಳು 250 ಗ್ರಾಂವರೆಗಿನ ಯಂತ್ರಗಳನ್ನು 'ನ್ಯಾನೊ' ಎಂದು ವಿಂಗಡಿಸಿವೆ. ಯಂತ್ರ ಚಿಕ್ಕದೆಂದ ಮಾತ್ರಕ್ಕೆ ನಿಷೇಧಿತ ವಲಯದಲ್ಲಿಯೂ ಜನರ ತಲೆಯ ಮೇಲೂ ಹಾರಿಸುವುದು ತರವಲ್ಲ.

ಒಟ್ಟಿನಲ್ಲಿ, ಅಗ್ಗವಾದುದನ್ನೂ ಕೈಗೆ ಸುಲಭವಾಗಿ ನಿಲುಕುವುದನ್ನೂ ಮೊದಲು ನೋಡಬೇಕು. ದುಬಾರಿಯಾದುದನ್ನು ಕೊನೆಗೆ ನೋಡಬೇಕು. ಪ್ಲಗ್ಗು, ಬ್ಯಾಟರಿ, ಪಂಖ, ಮೋಟಾರು, ಬೋರ್ಡು ಎಂಬುದು ಇದರ ಅನುಕ್ರಮ. ನಾವು ಕೆಟ್ಟಿತೆಂದು ಬಿಚ್ಚಿಟ್ಟ ಹಳೆಯ ಬೋರ್ಡು ಈಗಲೂ ನನ್ನ ಮೇಜಿನ ಮೇಲಿದೆ. ಅದರಲ್ಲಿ ಯಾವ ದೋಷವೂ ಇಲ್ಲ. ಇದನ್ನು ಓದಿದ ಒಬ್ಬ ಸಹಪಾಠಿಯಾದರೂ ಹೊಸ ಬೋರ್ಡಿಗೆ ಹಣ ತೆರುವ ಮುನ್ನ ಪ್ಲಗ್ಗನ್ನು ಮುಟ್ಟಿ ನೋಡಿದರೆ ಈ ಬರಹದ ಶ್ರಮ ಸಾರ್ಥಕವಾದಂತೆ.