ತಂತ್ರಾಂಶ ನಿರ್ಮಾಣದಲ್ಲಿ ಅವಲಂಬನೆಯ ವಿಚಾರ

ಸ್ವಾವಲಂಬನೆಯು ದೊಡ್ಡ ಗುಣವೆಂದು ನಾವೆಲ್ಲ ಚಿಕ್ಕಂದಿನಿಂದ ಓದುತ್ತ ಬಂದಿದ್ದೇವೆ. ಆದರೆ ಲೋಕವ್ಯವಹಾರವನ್ನು ತುಸು ಕಣ್ಣಿಟ್ಟು ನೋಡಿದರೆ ಯಾವ ಕೆಲಸವೂ ಒಬ್ಬನ ಕೈಯಿಂದಲೇ ಆಗತಕ್ಕದ್ದಲ್ಲವೆಂಬುದು ಮನವರಿಕೆಯಾಗುತ್ತದೆ. ತಂತ್ರಾಂಶಗಳ ಮಟ್ಟಿಗಂತೂ ಈ ಮಾತು ಅಕ್ಷರಶಃ ನಿಜ. ನಾನು ಬಿ.ಎ. ತರಗತಿಯವನು, ಗಣಕಶಾಸ್ತ್ರ ನನ್ನ ಅಭ್ಯಾಸದ ವಿಷಯವಲ್ಲ. ಆದರೂ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ, ಮೊಬೈಲಿನೊಳಗೆ ಏನಿದೆಯೆಂದು ಹಿರಿಯರು ಕೇಳುವುದು ನನ್ನನ್ನೇ. ಆ ಪ್ರಶ್ನೆಯ ಒಂದಂಶಕ್ಕೆ ಉತ್ತರ ಹೇಳುವ ಯತ್ನವಿದು.

ನಮ್ಮ ಭಾಗದ ಚಪ್ಪಲಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಕಡೆ ಹೊಲಿಯುವ ಚಪ್ಪಲಿಗೆ ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು ಬೇಕು. ಹದ ಮಾಡುವವರು ಬೇರೆ, ಅಟ್ಟೆ ಕತ್ತರಿಸುವವರು ಬೇರೆ, ಪಟ್ಟಿ ಹೆಣೆಯುವವರು ಬೇರೆ. ಹೊಲಿಯುವವನು ಇವೆಲ್ಲವನ್ನೂ ಕೂಡಿಸುತ್ತಾನೆ. ತಂತ್ರಾಂಶ ಬರೆಯುವವನೂ ಹೀಗೆಯೇ. ದಿನಾಂಕ ಲೆಕ್ಕ ಹಾಕುವುದು, ಚಿತ್ರ ತೋರಿಸುವುದು ಮುಂತಾದ ಕೆಲಸಗಳಿಗೆ ಇತರರು ಬರೆದಿಟ್ಟ ಸಿದ್ಧ ಭಾಗಗಳನ್ನು ತಂದು ಜೋಡಿಸುತ್ತಾನೆ. ಇಂಥ ಸಿದ್ಧ ಭಾಗಕ್ಕೆ ಲೈಬ್ರರಿಯೆಂದು ಹೆಸರು. ಎಲ್ಲವನ್ನೂ ಕೂಡಿಸಿ ನಡೆಯುವ ತಂತ್ರಾಂಶವನ್ನಾಗಿ ಮಾಡುವ ಕ್ರಿಯೆಯೇ ಬಿಲ್ಡ್.

ತೊಡಕು ಇರುವುದು ಇಲ್ಲಿ: ನಾವು ತಂದ ಲೈಬ್ರರಿಯೂ ಮತ್ತೊಂದನ್ನು ನೆಚ್ಚಿರುತ್ತದೆ, ಅದು ಮಗುದೊಂದನ್ನು. ಹತ್ತನ್ನು ತಂದವನ ಮನೆಗೆ ನೂರು ಬಂದು ಸೇರುತ್ತವೆ. 2016ನೆಯ ಇಸವಿಯ ಮಾರ್ಚ್ 22ರಂದು ಇದರ ಪರಿಣಾಮವನ್ನು ಲೋಕ ಕಂಡಿತು. ಒಂದು ಹೆಸರಿನ ವ್ಯಾಜ್ಯದಿಂದ ಬೇಸತ್ತ ಲೇಖಕರೊಬ್ಬರು ಎನ್‌ಪಿಎಂ ಎಂಬ ಭಂಡಾರದಿಂದ ತಮ್ಮ ಲೈಬ್ರರಿಗಳನ್ನೆಲ್ಲ ಹಿಂತೆಗೆದುಕೊಂಡರು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದೊಂದು. ಅದರ ಗಾತ್ರ ಕೇವಲ 11 ಸಾಲು, ಅದರ ಕೆಲಸ ಅಕ್ಷರಸಾಲಿನ ಎಡಬದಿಗೆ ಖಾಲಿ ಸ್ಥಳ ತುಂಬುವುದು. ಅಷ್ಟಕ್ಕೇ ಜಗತ್ತಿನ ಅದೆಷ್ಟೋ ಬಿಲ್ಡ್‌ಗಳು ಮುರಿದು ನಿಂತವು. ಸುಮಾರು ಎರಡು ತಾಸುಗಳಲ್ಲಿ ಅದನ್ನು ಮರಳಿ ಇರಿಸಿದ ಮೇಲೆಯೇ ಕೆಲಸ ಸಾಗಿತು. ತೊಂದರೆಗೊಳಗಾದವರಲ್ಲಿ ಅನೇಕರಿಗೆ ಅಂಥದೊಂದು ಲೈಬ್ರರಿಯನ್ನು ತಾವು ಬಳಸುತ್ತಿದ್ದೇವೆಂಬುದೇ ತಿಳಿದಿರಲಿಲ್ಲ.

ಎರಡನೆಯ ತೊಡಕು ಆವೃತ್ತಿಯದು. ಏಳನೆಯ ಅಳತೆಯ ಅಟ್ಟೆಗೆ ಎಂಟನೆಯ ಅಳತೆಯ ಪಟ್ಟಿ ಕೂಡಲಾರದು; ಎರಡೂ ತಮ್ಮಷ್ಟಕ್ಕೆ ಒಳ್ಳೆಯವೇ. ಹಾಗೆಯೇ ನಮ್ಮ ಒಂದು ಲೈಬ್ರರಿ ಮೂರನೆಯದರ ಹಳೆಯ ಆವೃತ್ತಿಯನ್ನೂ, ಇನ್ನೊಂದು ಹೊಸದನ್ನೂ ಕೇಳಿದರೆ ಜಗಳ ಹುಟ್ಟುತ್ತದೆ. ಇದನ್ನು ತಗ್ಗಿಸಲು ಆವೃತ್ತಿಗೆ ಮೂರು ಅಂಕೆ ಕೊಡುವ ಪದ್ಧತಿಯಿದೆ. 2.4.1 ಎಂಬಲ್ಲಿ ಕೊನೆಯ ಅಂಕೆ ಬದಲಾದರೆ ದೋಷ ತಿದ್ದಿದೆಯೆಂದೂ, ನಡುವಣದು ಬದಲಾದರೆ ಹಳೆಯದು ಕೆಡದೆ ಹೊಸ ಸೌಕರ್ಯ ಬಂದಿದೆಯೆಂದೂ, ಮೊದಲನೆಯದು ಬದಲಾದರೆ ಹಳೆಯ ಜೋಡಣೆ ಮುರಿದೀತೆಂದೂ ಅರ್ಥ. ಆದರೆ ಇದು ಲೇಖಕನು ಕೊಟ್ಟ ಮಾತೇ ಹೊರತು ಯಂತ್ರ ಕೊಟ್ಟ ಖಾತ್ರಿಯಲ್ಲ. ಆದುದರಿಂದ ಬಲ್ಲವರು ಬಳಸಿದ ಪ್ರತಿಯೊಂದರ ನಿಖರ ಆವೃತ್ತಿಯನ್ನು ಲಾಕ್ ಫೈಲ್ ಎಂಬ ಕಡತದಲ್ಲಿ ಬರೆದಿಡುತ್ತಾರೆ. ಇಂದು ಬೆಂಗಳೂರಿನಲ್ಲಿ ಕಟ್ಟಿದ್ದು ನಾಳೆ ಚಿಕ್ಕೋಡಿಯಲ್ಲಿಯೂ ಅವೇ ಭಾಗಗಳಿಂದ ಕಟ್ಟಲ್ಪಡುತ್ತದೆ. ಭಂಡಾರದಿಂದ ಮಾಯವಾದೀತೆಂಬ ಭಯಕ್ಕೆ ತಮ್ಮಲ್ಲಿಯೇ ಒಂದು ಪ್ರತಿ ಇಟ್ಟುಕೊಳ್ಳುವುದೂ ಉಂಟು.

ಹಾಗಾದರೆ ಬೀಗ ಹಾಕಿ ಮರೆತುಬಿಡಬಹುದೇ? ಕೂಡದು. 2021ರ ಡಿಸೆಂಬರಿನಲ್ಲಿ ಜಾವಾ ತಂತ್ರಾಂಶಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಲಾಗ್‌ಫೋರ್‌ಜೆ ಎಂಬ ದಾಖಲೆಯ ಲೈಬ್ರರಿಯಲ್ಲಿ ಘೋರ ದೋಷವೊಂದು ಬಯಲಾಯಿತು. ಕಪಟಿಯು ಕಳಿಸಿದ ಒಂದು ಸಾಲು ದಾಖಲಾದೊಡನೆ ಅವನ ಆಜ್ಞೆಯೇ ಪರರ ಯಂತ್ರದಲ್ಲಿ ನಡೆಯುತ್ತಿತ್ತು. 2.15.0 ಆವೃತ್ತಿ ಬಂದಿತು. ಅದೂ ಸಾಲದೆ ಅದೇ ತಿಂಗಳಲ್ಲಿ 2.16.0, 2.17.0, 2.17.1 ಬಂದವು. ಯಾರಲ್ಲಿ ಭಾಗಗಳ ಪಟ್ಟಿಯಿತ್ತೋ ಅವರು ಬೇಗನೆ ತಿದ್ದಿಕೊಂಡರು. ಉಳಿದವರು ಮೊದಲು ಹುಡುಕಬೇಕಾಯಿತು. ಪಟ್ಟಿ ಇಡುವುದು, ಬೀಗ ಹಾಕುವುದು, ಆಗಾಗ ಬೀಗ ತೆಗೆದು ಪರೀಕ್ಷಿಸಿ ಮತ್ತೆ ಹಾಕುವುದು, ಬೇಡವಾದದ್ದನ್ನು ಹೊರಹಾಕುವುದು: ಈ ನಾಲ್ಕೇ ಸೂತ್ರಗಳು.

ಕನ್ನಡಿಗರಾದ ನಮಗೆ ಇದರಿಂದೇನೆಂದು ಯಾರಾದರೂ ಕೇಳಬಹುದು. ‘ಚಿಕ್ಕೋಡಿ’ ಎಂಬಲ್ಲಿಯ ‘ಕ್ಕೋ’ ಯಂತ್ರಕ್ಕೆ ಒಂದು ಅಕ್ಷರವಲ್ಲ. ಯೂನಿಕೋಡಿನಲ್ಲಿ ಅದು ನಾಲ್ಕು ಸಂಕೇತಗಳ ಸಾಲು. ಅದನ್ನು ಒತ್ತು, ಕೊಂಬು, ದೀರ್ಘಗಳ ಸಮೇತ ಒಂದು ರೂಪಕ್ಕೆ ತರುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸುಗಳೆಲ್ಲ ಅದನ್ನೇ ನೆಚ್ಚಿವೆ. ಅದು ತಪ್ಪಿದರೆ ನಮ್ಮ ಊರಿನ ಹೆಸರೇ ಪರದೆಯ ಮೇಲೆ ಚೂರುಚೂರಾಗುತ್ತದೆ. ನಾವು ಮನೆಗೆ ಬರೆಯುವ ಒಂದು ಸಾಲು ಕನ್ನಡವೂ ನಾವು ಮುಖ ಕಾಣದವರ ದುಡಿಮೆಯ ಮೇಲೆ ನಿಂತಿದೆ.

ನಮ್ಮ ಭಾಗದವರ ಚಪ್ಪಲಿ ಬಹುಕಾಲ ಕೊಲ್ಲಾಪುರದ ಹೆಸರಿನಲ್ಲಿಯೇ ಮಾರಾಟವಾಯಿತು. 2019ರಲ್ಲಿ ದೊರೆತ ಭೌಗೋಲಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಬಂದಿತು. ಲೈಬ್ರರಿ ಬರೆಯುವವರ ಪಾಡೂ ಇದಕ್ಕೆ ದೂರವಲ್ಲ. ಅವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವವರು. ನಮ್ಮ ಕಾಗವಾಡ, ರಾಯಬಾಗಗಳಿಂದ ಪುಣೆ, ಬೆಂಗಳೂರುಗಳಿಗೆ ಈ ಉದ್ಯೋಗವನ್ನರಸಿ ಹೋಗುವ ಗೆಳೆಯರು ಅವಲಂಬನೆಗೆ ನಾಚಬೇಕಾದುದಿಲ್ಲ. ಯಾರನ್ನು ಅವಲಂಬಿಸಿದ್ದೇವೆಂದು ತಿಳಿದಿರಬೇಕು. ಕಂಡ ದೋಷವನ್ನು ಅವರಿಗೆ ತಿಳಿಸಬೇಕು. ಕೈಲಾದರೆ ತಿದ್ದಿಯೂ ಕೊಡಬೇಕು. ಋಣವನ್ನು ಅರಿತು ನಡೆಯುವುದೂ ಒಂದು ಬಗೆಯ ಸ್ವಾವಲಂಬನೆಯೇ ಸರಿ.