ಮುದಿ ಎತ್ತುಗಳ ಪೋಷಣೆ

ಎತ್ತಿಗೆ ಬಾಚಿಹಲ್ಲುಗಳು ಕೆಳದವಡೆಯಲ್ಲಿ ಮಾತ್ರ 8 ಇರುವುವು. ನಾಲ್ಕೈದು ವರ್ಷಗಳಲ್ಲಿ ಬಾಯಿಗೂಡಿ, ಹತ್ತು ಹನ್ನೆರಡು ವರ್ಷಗಳ ವೇಳೆಗೆ ಅವು ಸವೆದು ಮೊಂಡಾಗುವುವು. ಆಗ ಎತ್ತು ಬಡವಾದರೆ, ಮುಪ್ಪೆಂದು ಹೇಳಿ ರೈತರು ಕೈಬಿಡುವುದುಂಟು. ಇಷ್ಟು ಕಾಲ ನೊಗ ಹೊತ್ತ ಪ್ರಾಣಿಗೆ ಇದು ತಕ್ಕ ಪ್ರತಿಫಲವಲ್ಲ. ಅನೇಕ ವೇಳೆ ದವಡೆಹಲ್ಲು ಏರುತಗ್ಗಾಗಿ, ಅದರ ಚೂಪಾದ ಅಂಚು ಕೆನ್ನೆಯನ್ನು ಕೊಯ್ಯುತ್ತಿರುವುದು. ಆದುದರಿಂದಲೇ ಎತ್ತು ಅರೆಯಗಿದ ಮೇವನ್ನು ಉಂಡೆಯಾಗಿ ಉದುರಿಸುವುದು, ಸಗಣಿಯಲ್ಲಿ ಇಡೀ ಕಾಳು ಕಾಣಬರುವುದು. ಪಶುವೈದ್ಯರು ಆ ಅಂಚನ್ನು ಅರದಿಂದ ಉಜ್ಜಿ ಸಮಮಾಡಬಲ್ಲರು. ಅನಂತರ ರಾಗಿಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿಯೂ, ಹುರುಳಿಯನ್ನು ನೆನೆಯಿಟ್ಟು ಬೇಯಿಸಿಯೂ ಕೊಡತಕ್ಕದ್ದು. ಎಳೆಯ ಎತ್ತುಗಳ ಜೊತೆಯಲ್ಲಿ ಮೇವು ಹಾಕಿದರೆ ಮುದಿಯದಕ್ಕೆ ಪಾಲು ಸಿಕ್ಕದು, ಬೇರೆ ಕಟ್ಟಬೇಕು.

ಕೊಂಬಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು, ಕೊಂಬನ್ನು ಗೋಡೆಗೆ ಉಜ್ಜುವುದು, ಮೂಗಿನ ಒಂದೇ ಹೊಳ್ಳೆಯಿಂದ ರಕ್ತ ಸೋರುವುದು, ಇವು ಕೊಂಬಿನ ಕ್ಯಾನ್ಸರ್ ರೋಗದ ಲಕ್ಷಣಗಳು. ಕೊಂಬು ಸಡಿಲವಾಗಿ ಬಾಗುವ ತನಕ ಕಾಯುತ್ತ ಕೂರಬಾರದು. ಬರೆ ಹಾಕುವುದರಿಂದ ನೋವೇ ಹೊರತು ಗುಣವಿಲ್ಲ. ಮೊದಲಲ್ಲೇ ವೈದ್ಯರು ಮರಗಟ್ಟಿಸುವ ಮದ್ದು ಕೊಟ್ಟು ಕೊಂಬನ್ನು ಬುಡಸಹಿತ ತೆಗೆದಲ್ಲಿ ಎಷ್ಟೋ ಎತ್ತುಗಳು ಉಳಿದು, ಗಾಯ ಮಾದ ಮೇಲೆ ಹಗುರವಾದ ಕೆಲಸಕ್ಕೂ ಒದಗುವುವು.